ತಪ್ಪಿಗೂ ಒಂದಿಷ್ಟು ಜಾಗವಿರಲಿ



ಹೊಸ ನೋಟ್‌ಪುಸ್ತಕದಲ್ಲಿ ಒಂದಕ್ಷರ ತಪ್ಪಿದರೆ ಹಾಳೆಯನ್ನೇ ಹರಿದುಹಾಕುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿರಬಹುದು. ಉತ್ತರ ಗೊತ್ತಿದ್ದರೂ ತಪ್ಪಾದೀತೆಂದು ಕೈ ಎತ್ತದೆ ಕೂರುವವರೂ ಇದ್ದೀರಿ. ಮಾಡಿದರೆ ಎಳ್ಳಷ್ಟೂ ಕುಂದಿಲ್ಲದಂತೆ ಮಾಡಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಅದು ಹಠವಾಗಿ ಬೆಳೆದರೆ ಕೆಲಸವನ್ನೇ ಕೆಡಿಸುತ್ತದೆ. ಚಂದ್ರನ ಮೇಲೆ ಇಳಿಯಲು ನಮ್ಮ ದೇಶ ಮಾಡಿದ ಎರಡು ಪ್ರಯತ್ನಗಳನ್ನು ಈ ದೃಷ್ಟಿಯಿಂದ ನೋಡೋಣ.

2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಹೊತ್ತು. ಚಂದ್ರಯಾನ-2ರ ‘ವಿಕ್ರಮ್’ ನೌಕೆ ಚಂದ್ರನತ್ತ ಇಳಿಯುತ್ತಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದ ವಿಜ್ಞಾನಿಗಳೊಡನೆ ದೇಶವೇ ಪರದೆಯತ್ತ ಕಣ್ಣು ನೆಟ್ಟಿತ್ತು. ಕೊನೆಯ ಘಟ್ಟದಲ್ಲಿ ಸಂಪರ್ಕ ಕಡಿಯಿತು. ನೌಕೆ ನೆಲಕ್ಕೆ ಅಪ್ಪಳಿಸಿತು.

2023ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಅವರು ಕಾರಣಗಳನ್ನು ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಸಣ್ಣ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಕೂಡಿದವು. ಅವನ್ನು ಸರಿಪಡಿಸಲು ನೌಕೆ ಬೇಗನೆ ತಿರುಗಬೇಕಿತ್ತು; ಅಷ್ಟು ಬೇಗ ತಿರುಗಲು ಅದರ ತಂತ್ರಾಂಶದಲ್ಲಿ ಅವಕಾಶವಿರಲಿಲ್ಲ. ಇಳಿಯಲು ಗೊತ್ತುಮಾಡಿದ್ದ ಜಾಗವೋ 500 ಮೀಟರ್ ಉದ್ದ, 500 ಮೀಟರ್ ಅಗಲ. ಅದನ್ನೇ ಮುಟ್ಟಬೇಕೆಂದು ನೌಕೆಯು ನೆಲ ಹತ್ತಿರವಾದಾಗಲೂ ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಚಂದ್ರಯಾನ-3ನ್ನು ರೂಪಿಸುವಾಗ ವಿಜ್ಞಾನಿಗಳು ಪ್ರಶ್ನೆಯನ್ನೇ ಬದಲಿಸಿದರು. ಏನೇನು ಕೆಡಬಹುದು? ಕೆಟ್ಟರೂ ನೌಕೆ ಉಳಿಯುವುದು ಹೇಗೆ? ಇಳಿಯುವ ಪ್ರದೇಶವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಗುಣಿಸಿ ನೋಡಿ, ಹಿಂದಿನದರ 38 ಪಟ್ಟಿಗೂ ಹೆಚ್ಚು! ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಒಂದು ಎಂಜಿನ್ ಕಳೆದರು, ವೇಗ ಅಳೆಯಲು ಹೊಸ ಲೇಸರ್ ಉಪಕರಣ ಕೂಡಿಸಿದರು. 2023ರ ಆಗಸ್ಟ್ 23ರ ಸಂಜೆ ಹೊಸ ‘ವಿಕ್ರಮ್’ ಮೆಲ್ಲನೆ ನೆಲ ಮುಟ್ಟಿತು. ಗುರಿ ಹಿಂದಿನದೇ, ಈ ಬಾರಿ ತಪ್ಪಿಗೂ ಜಾಗವಿತ್ತು.

ಇದು ನಿಮ್ಮ ಪ್ರಯೋಗಶಾಲೆಯಲ್ಲೂ ಇರುವ ಪಾಠ. ಲೋಲಕದ ಒಂದು ಆಂದೋಲನದ ಕಾಲ ತಿಳಿಯಲು 20 ಆಂದೋಲನಗಳನ್ನು ಅಳೆದು 20ರಿಂದ ಭಾಗಿಸುತ್ತೀರಿ. ಸ್ಟಾಪ್‌ವಾಚ್ ಒತ್ತುವ ಬೆರಳು ತುಸು ತಡಮಾಡುತ್ತದೆಂದು ಮೊದಲೇ ಒಪ್ಪಿಕೊಂಡ ಲೆಕ್ಕ ಅದು. ಗ್ರಾಫ್ ಹಾಳೆಯ ಬಿಂದುಗಳು ಗೆರೆಯ ಮೇಲೆ ಕೂರಲೆಂದು ಅಳತೆಯನ್ನೇ ತಿದ್ದಿ ಬರೆದವನಿಗೆ ಅಂದವಾದ ಚಿತ್ರ ಸಿಗುತ್ತದೆ, ವಿಜ್ಞಾನ ಸಿಗುವುದಿಲ್ಲ.

ಹಾಗೆಂದು ಉದಾಸೀನ ಸಲ್ಲದು. ತಪ್ಪನ್ನು ಕ್ಷಮಿಸಿ ಸುಮ್ಮನಾಗುವುದು ಬೇರೆ, ಅದನ್ನು ಪರೀಕ್ಷಿಸುವುದು ಬೇರೆ. ಮುಂದಿನ ಸಲ ಅಂಕ ಕಡಿಮೆಯಾದಾಗ ಉತ್ತರಪತ್ರಿಕೆಯನ್ನು ಮಡಿಸಿಡಬೇಡಿ. ಕೆಂಪು ಗುರುತುಗಳನ್ನು ವಿಂಗಡಿಸಿ: ವಿಷಯವೇ ತಿಳಿಯದ್ದು ಎಷ್ಟು, ಪ್ರಶ್ನೆ ಸರಿಯಾಗಿ ಓದದ್ದು ಎಷ್ಟು, ಕೂಡುವಲ್ಲಿ ಕಳೆಯುವಲ್ಲಿ ತಪ್ಪಿದ್ದು ಎಷ್ಟು, ಸಮಯ ಸಾಲದೆ ಬಿಟ್ಟದ್ದು ಎಷ್ಟು? ಒಂದೊಂದಕ್ಕೂ ಮದ್ದು ಬೇರೆ. ‘ನಾನು ದಡ್ಡ’ ಎಂಬ ತೀರ್ಪಿಗೆ ಮಾತ್ರ ಮದ್ದಿಲ್ಲ. ಅದು ಕಾರಣವೂ ಅಲ್ಲ.

ನಪಾಸಾದರೂ ಅಂಕಪಟ್ಟಿಯನ್ನು ಬಚ್ಚಿಟ್ಟು ಒಬ್ಬರೇ ಕೊರಗಬೇಡಿ. ಅಪ್ಪ ಅಮ್ಮನಿಗೋ ಮೆಚ್ಚಿನ ಮೇಷ್ಟ್ರಿಗೋ ಅಂದೇ ತೋರಿಸಿ. ಚಂದ್ರಯಾನದ ವಿಜ್ಞಾನಿಗಳೂ ಒಬ್ಬೊಬ್ಬರೇ ಕುಳಿತು ಕಾರಣ ಹುಡುಕಲಿಲ್ಲ.

ನಮ್ಮ ದೂರದರ್ಶನದ ಕೆಲಸದಲ್ಲಿ ಒಂದು ಅನುಕೂಲವಿದೆ. ಪ್ರಸಾರದ ಹೊತ್ತು ಯಾರಿಗೂ ಕಾಯುವುದಿಲ್ಲ. ಇನ್ನೂ ಚೆನ್ನಾಗಿ ಮಾಡಬಹುದಿತ್ತೆಂಬ ಆಸೆಯನ್ನು ಮುಂದಿನ ಕಾರ್ಯಕ್ರಮಕ್ಕೆ ಒಯ್ಯಲೇಬೇಕು. ನೀವೂ ನಿಮ್ಮ ಕೆಲಸಕ್ಕೊಂದು ಗಡುವು ಹಾಕಿಕೊಳ್ಳಿ. ಮುಗಿಸಿ, ತೋರಿಸಿ, ತಿದ್ದಿಕೊಳ್ಳಿ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ?

ನಿಮಗೆ ಶುಭವಾಗಲಿ.