ಬಿಳಿ ಹೊಲಿಗೆಗೆ ಭತ್ತದ ಧೂಳು

ನಮ್ಮ ಕಾರಟಗಿ ಅಂದ್ರೆ ಭತ್ತ, ರೈಸ್‌ಮಿಲ್ಲು, ಹೊಟ್ಟಿನ ಬೂದಿ. ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದ್ರೆ ಮರಳಿನ ಜಾತಿ. ಕಪ್ಪು ಲೆದರ್ ಸೀಟಿನ ಬಿಳಿ ದಾರದ ಸಂದಿಗೆ ಅದು ಸೇರಿದ್ರೆ, ಕೂತು ಎದ್ದಾಗೆಲ್ಲ ದಾರ ಸವೀತದೆ.

ಮೊದಲೇ ಒದ್ದೆ ಬಟ್ಟೆ ಹಿಡೀಬ್ಯಾಡ್ರಿ. ಧೂಳು ಕೆಸರಾಗಿ ದಾರದೊಳಗೆ ಇಳೀತದೆ. ನಾನು ಮಾಡೋದು ಹೀಗೆ: ಮೊದಲು ವ್ಯಾಕ್ಯೂಮ್. ಆಮೇಲೆ ಮೆತ್ತನೆ ಬ್ರಷ್‌ಗೆ ಲೆದರ್ ಕ್ಲೀನರಿನ ನೊರೆ ಮಾತ್ರ ಹಚ್ಚಿ, ಹೊಲಿಗೆ ಗುಂಟ ಹಗುರಾಗಿ ಉಜ್ಜಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೀತೀನಿ. ಬಿಸಿಲಲ್ಲಿ ಅಲ್ಲ, ನೆರಳಲ್ಲಿ. ಪೆಟ್ರೋಲ್, ಥಿನ್ನರ್, ಕೊಬ್ಬರಿ ಎಣ್ಣೆ ಬ್ಯಾಡವೇ ಬ್ಯಾಡ. ಹೊಸ ಜೀನ್ಸ್‌ನ ನೀಲಿ ಹತ್ತಿದ್ರೆ ಅವತ್ತೇ ಒರೆಸ್ರಿ.

ಕಂಡೀಷನರ್ ಬೇಕಾ? ಸೀಟು ಲೆದರೆಟ್ ಆಗಿದ್ರೆ ಅದನ್ನ ಹೀರಿಕೊಳ್ಳೋದಿಲ್ಲ, ದುಡ್ಡು ದಂಡ. ಮೊದಲು ಮ್ಯಾನುವಲ್ ನೋಡ್ರಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. ಸೀಟಿನ ಪಕ್ಕಕ್ಕೆ ‘ಏರ್‌ಬ್ಯಾಗ್’ ಅಂತ ಪಟ್ಟಿ ಇದ್ರೆ, ಆ ಕಡೆ ಹೊಲಿಗೆ ಬಿಚ್ಚಿದ್ರೂ ಪೇಟೆ ಅಂಗಡೀಲಿ ಗಟ್ಟಿ ದಾರ ಹಾಕಿಸಬ್ಯಾಡ್ರಿ. ಅಪಘಾತ ಆದಾಗ ಆ ಹೊಲಿಗೆ ಹರಿದೇ ಬ್ಯಾಗ್ ಹೊರಗೆ ಬರಬೇಕು. ಬಿಗಿ ಸೀಟ್ ಕವರಿಗೂ ಇದೇ ಮಾತು. ಆ ಕೆಲಸ ಸರ್ವೀಸ್ ಸೆಂಟರ್‌ನಲ್ಲೇ ಮಾಡಿಸ್ರಿ.