ಹಗುರವೂ ಇರಲಿ, ಗಟ್ಟಿಯೂ ಇರಲಿ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ನಮಗೆಲ್ಲ ನೆನಪಿದೆ. ಭೂಮಿಯಿಂದ ಹೊರಟಾಗ ಆ ನೌಕೆಯ ತೂಕ ಸುಮಾರು 3,900 ಕಿಲೊ. ಚಂದ್ರನ ನೆಲದಲ್ಲಿ ಓಡಾಡಿದ ಪ್ರಜ್ಞಾನ್ ಗಾಡಿಯದು ಬರೀ 26 ಕಿಲೊ. ಚೌಕಟ್ಟಿನಲ್ಲಿ ಒಂದು ಕಿಲೊ ಉಳಿಸಿದರೆ ಅಷ್ಟು ಉಪಕರಣವನ್ನೋ ಇಂಧನವನ್ನೋ ಹೆಚ್ಚಿಗೆ ಒಯ್ಯಬಹುದು. ಆದರೆ ಉಡಾವಣೆಯ ನಡುಕಕ್ಕೆ ಅದು ಮುರಿಯಲೂ ಬಾರದು. ಹಗುರವೂ ಆಗಬೇಕು, ಗಟ್ಟಿಯೂ ಆಗಬೇಕು. ಈ ಲೆಕ್ಕವನ್ನು ಪ್ರಕೃತಿ ಬಹಳ ಹಿಂದೆಯೇ ಬಿಡಿಸಿದೆ.

ಮೊದಲನೆಯದು ಜೇನುಗೂಡು. ಆರು ಮೂಲೆಯ ಕೋಣೆ ಕಟ್ಟಿ ಜೇನು ಮೇಣ ಉಳಿಸುತ್ತದೆ. ಉಪಗ್ರಹದ ಹಲಗೆಯಲ್ಲೂ ತೆಳುವಾದ ಎರಡು ತಗಡುಗಳ ನಡುವೆ ಅಲ್ಯೂಮಿನಿಯಂ ಹಾಳೆಯ ಜೇನುಗೂಡು ಇರುತ್ತದೆ. ಒಳಗೆ ಬಹುಪಾಲು ಖಾಲಿ ಜಾಗ. ತಗಡುಗಳು ಒಂದರಿಂದೊಂದು ದೂರ ನಿಂತಿರುವುದರಿಂದ ಹಲಗೆ ಸುಲಭವಾಗಿ ಬಾಗುವುದಿಲ್ಲ. ಅಂಗಡಿಯ ರಟ್ಟಿನ ಡಬ್ಬವನ್ನು ಹರಿದು ನೋಡಿ, ಇಂಥದೇ ಉಪಾಯ ಕಾಣುತ್ತದೆ. ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಕಾಲುಗಳೊಳಗೂ ಅಲ್ಯೂಮಿನಿಯಂ ಜೇನುಗೂಡು ಇತ್ತು. ಇಳಿಯುವ ಹೊಡೆತಕ್ಕೆ ತಾನು ನಜ್ಜುಗುಜ್ಜಾಗಿ ನೌಕೆಯನ್ನು ಕಾಯುವುದು ಅದರ ಕೆಲಸ.

ಎರಡನೆಯದು ಮೂಳೆ. ಭಾರ ಬೀಳುವ ಕಡೆ ಅದು ಬಲಿಯುತ್ತದೆ, ಬೀಳದ ಕಡೆ ಸವೆಯುತ್ತದೆ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ಇದ್ದು ಬಂದವರ ಮೂಳೆ ಸವೆದಿರುವುದು ಇದರಿಂದಲೇ. ಇಂದು ಬೋಲ್ಟ್ ಎಲ್ಲಿ, ಭಾರ ಎಲ್ಲಿ ಎಂದು ಕಂಪ್ಯೂಟರಿಗೆ ತಿಳಿಸಿದರೆ, ಕೆಲಸವಿಲ್ಲದ ಲೋಹವನ್ನು ಬಿಟ್ಟು ಆಕಾರ ಕೊಡುತ್ತದೆ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಹೀಗೆ ರೂಪಿಸಿದ ಭಾಗಗಳು ನೋಡಲು ಮೂಳೆಯಂತೆಯೇ ಇವೆ.

ಇಂಥ ಅಂಕುಡೊಂಕಿನ ಆಕಾರಗಳಲ್ಲಿ ಕೆಲವನ್ನು ಲೋಹದ ಗಟ್ಟಿಯಿಂದ ಕೊರೆಯಬಹುದು. ತೀರ ತೊಡಕಿನವನ್ನು ಬೆಳೆಸಬೇಕು. ಹುತ್ತ ಏಳುವಂತೆ, ಲೋಹದ ಪುಡಿಯನ್ನು ಪದರ ಪದರವಾಗಿ ಹರಡಿ ಲೇಸರಿನಿಂದ ಕರಗಿಸಿ ಕೂಡಿಸುತ್ತಾರೆ. 2024ರ ಮೇ 9ರಂದು ಇಸ್ರೊ ಈ ವಿಧಾನದಲ್ಲಿ ತಯಾರಾದ ಪಿಎಸ್4 ಎಂಜಿನ್ನನ್ನು 665 ಸೆಕೆಂಡು ಉರಿಸಿ ಪರೀಕ್ಷಿಸಿತು. 14 ಬಿಡಿಭಾಗಗಳು ಒಂದಾದವು, 19 ಬೆಸುಗೆಗಳು ತಪ್ಪಿದವು. 565 ಕಿಲೊ ಲೋಹ ಬೇಕಾಗುತ್ತಿದ್ದಲ್ಲಿ 13.7 ಕಿಲೊ ಪುಡಿ ಸಾಕಾಯಿತು.

ಮಕ್ಕಳೇ, ಒಂದು ಎಚ್ಚರಿಕೆ. ಮುರಿದ ಮೂಳೆ ಕೂಡುತ್ತದೆ, ಕೆಟ್ಟ ಗೂಡನ್ನು ಜೇನು ಮತ್ತೆ ಕಟ್ಟುತ್ತದೆ. ಆಕಾಶಕ್ಕೆ ಹೋದ ಭಾಗ ತಾನಾಗಿ ಕೂಡುವುದಿಲ್ಲ. ಒಳಗೆ ಉಳಿದ ಸಣ್ಣ ರಂಧ್ರವೂ ಬಿರುಕಾಗಬಹುದು. ಅದಕ್ಕೇ ಎಕ್ಸ್‌ರೇ ತೆಗೆಯುತ್ತಾರೆ, ಕಂಪನ ಯಂತ್ರದ ಮೇಲಿಟ್ಟು ಅಲುಗಿಸುತ್ತಾರೆ. ಆಕಾರವನ್ನು ಪ್ರಕೃತಿಯಿಂದ ಕಲಿಯಬಹುದು, ನಂಬಿಕೆಯನ್ನು ಪರೀಕ್ಷೆಯಿಂದಲೇ ಗಳಿಸಬೇಕು.

ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಹಳೆಯ ನೋಟ್‌ಬುಕ್ಕಿನ ಹಾಳೆ, ಅಂಟು ಇದ್ದರೆ ಸಾಕು, ಮಕ್ಕಳಿಂದ ಕಾಗದದ ಜೇನುಗೂಡು ಮಾಡಿಸಿ. ಅದರ ಮೇಲೆ ಒಂದೊಂದೇ ಪುಸ್ತಕ ಇಡಿಸಿ. ಎಷ್ಟನೆಯದಕ್ಕೆ ಕುಸಿಯಿತು, ಎಲ್ಲಿಂದ ಕುಸಿಯಿತು ಎಂದು ಬರೆಸಿ. ದೊಡ್ಡ ಪ್ರಯೋಗಾಲಯಗಳಲ್ಲಿ ನಡೆಯುವ ಕೆಲಸದ ಮೊದಲ ಪಾಠ ಅದೇ.