ಗಣಕವನ್ನು ಜೋಡಿಸುವ ಮುನ್ನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ಯಾವ ಊರಿನ ಪೇಟೆಬೀದಿಯಲ್ಲಿ ನಡೆದರೂ ಒಂದೆರಡು ಫೋಟೋ ಸ್ಟುಡಿಯೋಗಳು ಕಣ್ಣಿಗೆ ಬೀಳುತ್ತವೆ. ಮದುವೆ, ನಾಮಕರಣ, ಗೃಹಪ್ರವೇಶಗಳೇ ಅವುಗಳಿಗೆ ಆಧಾರ. ಓದಿನ ಜೊತೆಗೆ ಈ ಕೆಲಸ ಕಲಿತು, ಸ್ವಂತ ಗಣಕದಲ್ಲಿ ಚಿತ್ರಗಳನ್ನೂ ವಿಡಿಯೋಗಳನ್ನೂ ಸಂಕಲನ ಮಾಡಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಆ ಆಸೆಯ ಹಿಂದೆ ಮನೆಯವರು ಮಾವಿನ ಫಸಲಿನಿಂದಲೋ ಹಾಲಿನ ಹಣದಿಂದಲೋ ಉಳಿಸಿದ ದುಡ್ಡು ಇರುತ್ತದೆ. ಆ ದುಡ್ಡು ವ್ಯರ್ಥವಾಗದಂತೆ ಬಿಡಿಭಾಗಗಳನ್ನು ಆರಿಸುವುದು ಹೇಗೆ? ಇದೇ ಇಂದಿನ ಮಾತು.

ಮೊದಲು ಕೆಲಸವನ್ನು ಅಳೆಯಿರಿ, ಅಂಗಡಿಗೆ ಆಮೇಲೆ ಹೋಗಿರಿ. ಫೋರ್ ಕೆ ವಿಡಿಯೋದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆಗಳಿರುತ್ತವೆ. ಗುಣಿಸಿದರೆ ಸುಮಾರು 83 ಲಕ್ಷ. ಪ್ರತಿ ಚುಕ್ಕೆಯ ಬಣ್ಣಕ್ಕೆ 3 ಬೈಟ್ ಎಂದರೂ ಒಂದು ಚೌಕಟ್ಟಿಗೆ ಸುಮಾರು 25 ಮೆಗಾಬೈಟ್ ಆಯಿತು. ಸೆಕೆಂಡಿಗೆ 25 ಚೌಕಟ್ಟುಗಳಾದರೆ 600 ಮೆಗಾಬೈಟಿಗೂ ಹೆಚ್ಚು. ಕ್ಯಾಮೆರಾ ಇದನ್ನೆಲ್ಲ ಹಿಂಡಿ ಚಿಕ್ಕದು ಮಾಡಿ ಕೊಡುತ್ತದೆ. ಸಂಕಲನದ ವೇಳೆ ಅದನ್ನು ಮತ್ತೆ ಬಿಡಿಸುವ ಭಾರ ನಿಮ್ಮ ಗಣಕದ ಮೇಲೆ ಬೀಳುತ್ತದೆ. ಚಿತ್ರ ತಡೆತಡೆದು ಓಡುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಆದ್ದರಿಂದ ಪ್ರೊಸೆಸರ್ ಆರಿಸುವಾಗ ಎಷ್ಟು ಕೋರ್‌ಗಳಿವೆ ಎಂಬುದರ ಜೊತೆಗೆ ವಿಡಿಯೋ ಬಿಡಿಸುವ ಸೌಲಭ್ಯ ಇದೆಯೇ ಎಂದೂ ಕೇಳಿ. ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಹೆಸರಿನ ಕೊನೆಗೆ 'ಎಫ್' ಅಕ್ಷರವಿದ್ದರೆ ಆ ಗ್ರಾಫಿಕ್ಸ್ ಇರುವುದಿಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು ಅದನ್ನು ಕೊಂಡು ಆಮೇಲೆ ಪರಿತಪಿಸುವವರಿದ್ದಾರೆ. ಪ್ರೊಸೆಸರ್ ಕೂರುವ ಸಾಕೆಟ್ ಮದರ್‌ಬೋರ್ಡಿನಲ್ಲಿ ಅದಕ್ಕೆ ಒಪ್ಪುವಂಥದೇ ಇರಬೇಕು. ಡಿ.ಡಿ.ಆರ್.-4 ರ‍್ಯಾಮ್ ಡಿ.ಡಿ.ಆರ್.-5ರ ಜಾಗದಲ್ಲಿ ಕೂರುವುದಿಲ್ಲ. ಇವುಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೊರಡಿ.

ಕೇವಲ ಫೋಟೋ ಕೆಲಸಕ್ಕೆ 16 ಗಿಗಾಬೈಟ್ ರ‍್ಯಾಮ್ ಸಾಕಾದೀತು. ಫೋರ್ ಕೆ ವಿಡಿಯೋಗೆ 32 ಇದ್ದರೆ ನೆಮ್ಮದಿ. ಒಂದೇ ಪಟ್ಟಿಗಿಂತ ಸಮನಾದ ಎರಡು ಪಟ್ಟಿಗಳು ವೇಗವಾಗಿ ಕೆಲಸ ಮಾಡುತ್ತವೆ. ಗ್ರಾಫಿಕ್ಸ್ ಕಾರ್ಡಿನ ಅಗತ್ಯ ಫೋಟೋಗಿಂತ ವಿಡಿಯೋಗೆ ಹೆಚ್ಚು. ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡಿವೆ. ಹಣ ಸಾಲದಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಅಲ್ಲಿಯವರೆಗೆ ವಿಡಿಯೋದ ಚಿಕ್ಕ ನಕಲು ಮಾಡಿಕೊಂಡು, ಅದರ ಮೇಲೆ ಸಂಕಲನ ಮಾಡಿ, ಕೊನೆಗೆ ಮೂಲಕ್ಕೆ ಜೋಡಿಸುವ ಕ್ರಮವಿದೆ. ಇದನ್ನು ಪ್ರಾಕ್ಸಿ ಎನ್ನುತ್ತಾರೆ. ಸಾಧಾರಣ ಗಣಕವೂ ಇದರಿಂದ ಸಲೀಸಾಗಿ ನಡೆಯುತ್ತದೆ.

ಈಗ ಸಂಗ್ರಹದ ಲೆಕ್ಕ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರಿಸಿದರೆ ಗಂಟೆಗೆ 45 ಗಿಗಾಬೈಟ್. ಸಂಜೆಯ ಆರತಕ್ಷತೆ, ಮರುದಿನದ ಮುಹೂರ್ತ ಸೇರಿ ಎರಡು ಕ್ಯಾಮೆರಾಗಳು ತಲಾ 4 ಗಂಟೆ ಓಡಿದರೆ 360 ಗಿಗಾಬೈಟ್. 500 ಗಿಗಾಬೈಟಿನ ಎಸ್.ಎಸ್.ಡಿ. ಒಂದೇ ಮದುವೆಗೆ ತುಂಬಿ ಬರುತ್ತದೆ! ಆದ್ದರಿಂದ ಕೆಲಸ ನಡೆಯುತ್ತಿರುವುದಕ್ಕೆ 1 ಟೆರಾಬೈಟಿನ ಎಸ್.ಎಸ್.ಡಿ., ಮುಗಿದ ಕೆಲಸ ಇಡಲು ದೊಡ್ಡ ಹಾರ್ಡ್ ಡಿಸ್ಕ್, ಇವುಗಳಿಂದ ಹೊರಗೆ ಮತ್ತೊಂದು ಡಿಸ್ಕಿನಲ್ಲಿ ನಕಲು.

ಈ ಕೊನೆಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ತಂಗಿಯ ಮದುವೆಯ ವಿಡಿಯೋ ನಾನೇ ಚಿತ್ರಿಸಿದ್ದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಉತ್ಸಾಹದಲ್ಲಿ ಎರಡನೆಯ ಡಿಸ್ಕ್ ಬೇಡವೆಂದುಕೊಂಡೆ. ಮೂರು ವಾರದೊಳಗೆ ಇದ್ದ ಒಂದೇ ಡಿಸ್ಕ್ ಕೆಟ್ಟಿತು. ಧಾರೆಯ ಹೊತ್ತಿನಲ್ಲಿ ನಮ್ಮ ಅಜ್ಜಿ ನಡುಗುವ ಕೈಯಿಂದ ಅಕ್ಷತೆ ಹಾಕಿದ್ದರು, ಅದೂ ಹೋಯಿತು. ಅದೇ ವರ್ಷ ಅಜ್ಜಿಯೂ ತೀರಿಕೊಂಡರು. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಗಣಕದ ಯಾವ ಭಾಗವನ್ನೂ ಮತ್ತೆ ಕೊಳ್ಳಬಹುದು. ಮುಹೂರ್ತವನ್ನು ಮತ್ತೆ ಚಿತ್ರಿಸಲಾಗದು.

ಇನ್ನು ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂಥ ಜಿಲ್ಲೆಯವರಾದ ನಾವು ಗಣಕದಲ್ಲಿ ವಿದ್ಯುತ್ತನ್ನೇ ಮರೆಯುವುದು ಸರಿಯೇ? ಪ್ರೊಸೆಸರ್‌ಗೆ 125 ವಾಟ್, ಗ್ರಾಫಿಕ್ಸ್ ಕಾರ್ಡಿಗೆ 200, ಉಳಿದದ್ದಕ್ಕೆ 75 ಎಂದರೆ 400 ವಾಟ್ ಆಯಿತು. ಪೂರ್ಣ ಹೊರೆಯಲ್ಲಿ ಇದು ಏರುತ್ತದೆ. ಆದ್ದರಿಂದ 650 ವಾಟಿನ ಒಳ್ಳೆಯ ಎಸ್.ಎಂ.ಪಿ.ಎಸ್. ಬೇಕು. ದುಬಾರಿ ಕಾರ್ಡಿಗೆ ಹೆಸರಿಲ್ಲದ ಅಗ್ಗದ ಎಸ್.ಎಂ.ಪಿ.ಎಸ್. ಹಾಕಿದರೆ ಮೂಗಿಗಿಂತ ಮೂಗುತಿ ಭಾರ ಎಂದಂತೆ. ಯು.ಪಿ.ಎಸ್. ಮೇಲೆ 600 ವಿ.ಎ. ಎಂದಿದ್ದರೆ ಅದು 600 ವಾಟ್ ಅಲ್ಲ. ಸಾಮಾನ್ಯವಾಗಿ 360 ವಾಟಿನಷ್ಟೇ. ಮೇಲಿನ ಗಣಕಕ್ಕೆ 1000 ವಿ.ಎ. ಇರಲಿ. ಕರೆಂಟ್ ಹೋದಾಗ ಕೆಲಸ ಉಳಿಸಿ ಗಣಕ ಮುಚ್ಚುವಷ್ಟು ಹೊತ್ತು ಅದು ಕೊಡುತ್ತದೆ.

ಮಾಲೂರಿನಂಥ ಇಟ್ಟಿಗೆ, ಹೆಂಚಿನ ಊರಿನಲ್ಲಿ ಧೂಳು ಹೆಚ್ಚು. ಬಣ್ಣದ ದೀಪಗಳಿಗಿಂತ, ಗಾಳಿ ಆಡುವ, ಧೂಳು ತಡೆಯುವ ಜಾಲರಿಯಿರುವ ಕ್ಯಾಬಿನೆಟ್ ಆರಿಸಿ. ಅದನ್ನು ತಿಂಗಳಿಗೊಮ್ಮೆ ಶುಚಿಮಾಡಿ. ಮಾನಿಟರ್‌ನಲ್ಲಿ ಜಿಪುಣತನ ಬೇಡ. ಐ.ಪಿ.ಎಸ್. ಪರದೆ, ಎಸ್.ಆರ್.ಜಿ.ಬಿ. ಬಣ್ಣಗಳು ನೂರಕ್ಕೆ ನೂರರಷ್ಟು, ಇವೆರಡನ್ನು ನೋಡಿ. ಪರದೆ ಸುಳ್ಳು ಹೇಳಿದರೆ ಧಾರೆ ಸೀರೆಯ ಕೆಂಪು ಆಲ್ಬಂನಲ್ಲಿ ಬೇರೆಯೇ ಆಗಿ ಬರುತ್ತದೆ. ಆಗ ಮನೆಯವರಿಗೆ ಉತ್ತರ ಹೇಳಬೇಕಾದವರು ನೀವು.

ಕೊಳ್ಳುವುದೆಲ್ಲಿ? ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆ ಇದಕ್ಕೆ ಹೆಸರುವಾಸಿ. ಒಂದೇ ಚೀಟಿಯನ್ನು ಮೂರು ಅಂಗಡಿಗಳಲ್ಲಿ ತೋರಿಸಿ ದರ ಬರೆಸಿಕೊಳ್ಳಿ. ನಿಮ್ಮ ಊರಿನ ಅಂಗಡಿಯಲ್ಲೂ ಕೇಳಿ. ಸ್ವಲ್ಪ ಹೆಚ್ಚಾದರೂ ಕೆಟ್ಟಾಗ ನಡೆದುಹೋಗುವ ದೂರದಲ್ಲಿರುತ್ತಾರೆ. ಎಲ್ಲಿ ಕೊಂಡರೂ ಪೆಟ್ಟಿಗೆಯ ಸೀಲು ನೋಡಿ, ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿ.ಎಸ್.ಟಿ. ಬಿಲ್ ಪಡೆಯಿರಿ. ಬಿಲ್ ಇಲ್ಲದಿದ್ದರೆ ವಾರಂಟಿ ಬರೀ ಬಾಯಿಮಾತು.

ಮಿತ್ರರೇ, ಇಂದೇ ಒಂದು ಹಾಳೆ ತೆಗೆದುಕೊಂಡು, ಮೊದಲ ಸಾಲಿನಲ್ಲಿ ನೀವು ಮಾಡಲಿರುವ ಕೆಲಸವನ್ನು ಬರೆಯಿರಿ. ಎರಡನೆಯ ಸಾಲಿನಲ್ಲಿ ಮನೆಯವರು ಕೊಡಬಲ್ಲ ಹಣ. ಭಾಗಗಳ ಪಟ್ಟಿ ಮೂರನೆಯ ಸಾಲಿನಿಂದ ಆರಂಭವಾಗಲಿ. ಆ ಪಟ್ಟಿಯಲ್ಲಿ ಎರಡನೆಯ ಡಿಸ್ಕನ್ನು ಮಾತ್ರ ಯಾವ ಕಾರಣಕ್ಕೂ ಹೊಡೆದುಹಾಕಬೇಡಿ.